ಸುರಪುರದ ಹುಡುಗ ರಾಜ ಮತ್ತು ಅವನ ‘ಅಪ್ಪಾ’

ಮೊನ್ನೆ ಶಿರವಾಳದ ಹಳೇ ಗುಡಿಗಳನ್ನು ನೋಡಲು ಹೋಗಿದ್ದೆ. ಕಟ್ಟೆ ಮೇಲೆ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಮಾತಿಗೆ ಸಿಕ್ಕರು. “ಹುಡುಗ್ರಿಗೆ ಬುದ್ಧಿ ಹೇಳಿದ್ರ ಕೇಳಂಗಿಲ್ಲ, ಪ್ರೀತಿ ಮಾಡಿದ್ರ ತಲಿಮ್ಯಾಲ ಕೂಡ್ತಾವ. ಏನ್ ಮಾಡಬೇಕ್ರೀ?” ಅಂದರು. ಉತ್ತರ ಹೊಳೀಲಿಲ್ಲ. ಆದರೆ ಪಕ್ಕದ ಸುರಪುರದ ಒಂದು ಕಥೆ ನೆನಪಾಯ್ತು.

1841ರಲ್ಲಿ ಮೆಡೋಸ್ ಟೇಲರ್ ಸುರಪುರಕ್ಕೆ ಬ್ರಿಟಿಷರ ಅಧಿಕಾರಿಯಾಗಿ ಬಂದ. ರಾಜಾ ವೆಂಕಟಪ್ಪ ನಾಯಕ ಆಗಿನ್ನೂ ಚಿಕ್ಕ ಹುಡುಗ. 1853ರವರೆಗೆ ಸಂಸ್ಥಾನದ ಆಡಳಿತದ ಜೊತೆಗೆ ಈ ಹುಡುಗನ ಓದು-ಬರಹದ ಹೊಣೆಯೂ ಟೇಲರನದೇ. ಬೋನಾಳ ಕೆರೆ ಅಭಿವೃದ್ಧಿ ಮಾಡಿಸಿದ, ಕಂದಾಯದ ಲೆಕ್ಕ ಸರಿಪಡಿಸಿದ. ಇದೆಲ್ಲ ಬುದ್ಧಿಯ ಪಾಠ. ಹುಡುಗ ಮಾತ್ರ ಅವನನ್ನು ಕರೆಯುತ್ತಿದ್ದದ್ದು ‘ಅಪ್ಪಾ’ ಅಂತ!

ಆದರೆ 1858ರ ಫೆಬ್ರವರಿಯಲ್ಲಿ ಇದೇ ಹುಡುಗ ಬ್ರಿಟಿಷರ ವಿರುದ್ಧ ನಿಂತ. ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಜೈಲಿಗೆ ಹೋದಾಗ ರಾಜ ಅವನನ್ನು ತಬ್ಬಿಕೊಂಡು ಅತ್ತನಂತೆ. ತನ್ನ ವಿಷಯ ಹೇಳಿದ, ಆದರೆ ಜೊತೆಗಿದ್ದವರ ಹೆಸರು ಮಾತ್ರ ಬಿಟ್ಟುಕೊಡಲಿಲ್ಲ. ಅವನಿಗೆ ಮರಣದಂಡನೆಯಾಯಿತು, ಅದು ಕಡೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲೇ ರಾಜ ಗುಂಡು ಹಾರಿಸಿಕೊಂಡು ಸತ್ತ ಎಂದು ಬ್ರಿಟಿಷರು ಬರೆದರು. ಅದನ್ನು ನಂಬದವರೂ ಇದ್ದಾರೆ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಹಾಗಾದರೆ ಟೇಲರನ ಪಾಠ ಸೋತಿತೇ? ಬ್ರಿಟಿಷರ ಲೆಕ್ಕದಲ್ಲಿ ಹೌದು. ನನಗೆ ಹಾಗನ್ನಿಸೋದಿಲ್ಲ. ತನ್ನ ಜೀವ ಉಳಿಯಬಹುದಾದ ಹೊತ್ತಲ್ಲೂ ಬೇರೆಯವರನ್ನು ಹಿಡಿದುಕೊಡದ ಹುಡುಗ ಅದನ್ನು ಎಲ್ಲಿಂದಲೋ ಕಲಿತಿದ್ದ. ಎಲ್ಲವೂ ಟೇಲರನಿಂದ ಬಂದದ್ದಲ್ಲ. ತಾಯಿ ಈಶ್ವರಮ್ಮ, ಸುತ್ತಲಿನ ಬೇಡರ ನಂಬಿಕೆ, ಇವೂ ಗುರುಗಳೇ ತಾನೆ? ಪ್ರೀತಿ ಸಿಕ್ಕ ಹುಡುಗ ನಾವು ಹೇಳಿದಂತೆ ಕೇಳ್ತಾನೆ ಅಂತೇನಿಲ್ಲ, ತನಗೆ ಸರಿ ಕಂಡದ್ದನ್ನು ಮಾಡ್ತಾನೆ. ಕೊನೆಗೆ ಅದೇ ‘ಅಪ್ಪಾ’ನ ಭುಜದ ಮೇಲೆ ಅಳ್ತಾನೆ, ಅಷ್ಟೆ.

ಒಂದು ಮಾತು ಮರೆಯಬಾರದು. ಜೈಲಿನ ಈ ಕಥೆ ನಮಗೆ ಸಿಕ್ಕಿರೋದು ಟೇಲರನ ಆತ್ಮಕಥೆಯಿಂದ. ರಾಜ ತನ್ನ ಕಥೆ ಬರೆಯಲಿಲ್ಲ. ‘ಅಪ್ಪಾ’ ಅನ್ನುವಾಗ ಅವನ ಮನಸ್ಸಲ್ಲಿ ಎಷ್ಟು ಪ್ರೀತಿಯಿತ್ತು, ಎಷ್ಟು ಭಯವಿತ್ತು?

ಮೇಷ್ಟ್ರಿಗೆ ಇಷ್ಟನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಎರಡೂ ಬೇಕ್ರಿ, ಫಲ ಮಾತ್ರ ಕೇಳಬಾರದು” ಅಂದರು. ನೀವೇನಂತೀರಿ?