ನೆಲ ಹೆಪ್ಪುಗಟ್ಟಿದಾಗ ಶುರುವಾಗುವ ಎಣ್ಣೆಬಾವಿ ಕೆಲಸ

ನಮ್ಮ ಬ್ಯಾರಿ ಮನೆಗಳಲ್ಲಿ ಎಣ್ಣೆಬಾವಿ ಎಂದರೆ ಗಲ್ಫ್, ಗಲ್ಫ್ ಎಂದರೆ ಬಿಸಿಲು. ಆದರೆ ಕೆನಡಾ ಮತ್ತು ಅಲಾಸ್ಕಾದ ಕಥೆ ಬೇರೆ. ಅಲ್ಲಿ ಮೈ ಕೊರೆಯುವ ಚಳಿಗಾಲದಲ್ಲೇ ಬಾವಿ ಕೊರೆಯುವ ಕೆಲಸ ಜೋರು. ಬೆಚ್ಚಗಿನ ವಸಂತ ಬಂದಾಗ ರಿಗ್‌ಗಳು ನಿಲ್ಲುತ್ತವೆ.

ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನಗೆ ಇದು ಮೊದಲು ವಿಚಿತ್ರ ಎನಿಸಿತ್ತು. ಕಡು ಚಳಿಗೆ ಉಕ್ಕು ಪೆಡಸಾಗುತ್ತದೆ, ಪೈಪಿನ ನೀರು ಗಟ್ಟಿಯಾಗುತ್ತದೆ. ಆದರೆ ಯಂತ್ರದ ಚಳಿಗೆ ಮದ್ದಿದೆ: ಬಾಯ್ಲರ್ ಇಟ್ಟು ಹಬೆ ಹಾಯಿಸಿದರಾಯಿತು. ಮದ್ದಿಲ್ಲದ್ದು ಕೆಸರಿಗೆ. ಮಳೆಗಾಲದಲ್ಲಿ ನಮ್ಮ ಬಾವಲಿಯ ಗದ್ದೆಗೆ ಬೋರ್‌ವೆಲ್ ಲಾರಿ ಇಳಿಸಿದರೆ ಏನಾಗುತ್ತದೆಂದು ಯೋಚಿಸಿ. ಉತ್ತರ ಕೆನಡಾದಲ್ಲಿ ಅಂಥ ಜೌಗು ನೆಲ ನೂರಾರು ಮೈಲಿ ಹರಡಿದೆ. ಅದು ಹೆಪ್ಪುಗಟ್ಟಿದ ಮೇಲೆಯೇ ಭಾರದ ರಿಗ್ ಒಳಗೆ ಹೋಗಲು ಸಾಧ್ಯ.

ಕೆನಡಾದ ಎಣ್ಣೆಯ ಚರಿತ್ರೆ ಬದಲಾದದ್ದೂ ಚಳಿಗಾಲದಲ್ಲೇ. ಇಂಪೀರಿಯಲ್ ಆಯಿಲ್ ಕಂಪನಿ 133 ಬಾವಿ ಕೊರೆದು ಕೈ ಸುಟ್ಟುಕೊಂಡಿತ್ತು. ಕೊನೆಗೆ 1947ರ ಫೆಬ್ರವರಿ 13ರಂದು ಎಡ್ಮಂಟನ್ ಹತ್ತಿರದ ಲೆಡಕ್ ನಂಬರ್ 1 ಬಾವಿಯಲ್ಲಿ ಎಣ್ಣೆ ಚಿಮ್ಮಿತು. ಅಲ್ಲಿಂದ ರಿಗ್‌ಗಳು ಉತ್ತರದ ಜೌಗು ಕಾಡಿನತ್ತ ಹೋದಂತೆ ಕೆಲಸದ ಕ್ಯಾಲೆಂಡರ್ ಗಟ್ಟಿಯಾಯಿತು. ಹಿಮ ಕರಗುವ ವಸಂತದ ಕೆಲವು ವಾರ ರಸ್ತೆಗಳಲ್ಲಿ ಭಾರದ ವಾಹನಗಳಿಗೆ ನಿರ್ಬಂಧ. ಆ ಅವಧಿಗೆ ಅಲ್ಲಿಯವರು 'ಬ್ರೇಕಪ್' ಎನ್ನುತ್ತಾರೆ.

ಈ ಲೆಕ್ಕ ಮೀರಿದರೆ ಏನಾಗುತ್ತದೆ ಎಂಬುದನ್ನು ಅಲಾಸ್ಕಾ ತೋರಿಸಿತು. 1968ರಲ್ಲಿ ಪ್ರೂಡೋ ಬೇಯಲ್ಲಿ ಭಾರೀ ಎಣ್ಣೆ ಸಿಕ್ಕಿತು. ಗವರ್ನರ್ ವಾಲ್ಟರ್ ಹಿಕಲ್ ಅವಸರದಿಂದ 1968-69ರ ಚಳಿಗಾಲದಲ್ಲಿ ಉತ್ತರಕ್ಕೆ ರಸ್ತೆ ಮಾಡಿಸಿದರು. ಬುಲ್ಡೋಜರ್‌ಗಳು ಮೇಲಿನ ಪಾಚಿ ಹುಲ್ಲನ್ನೇ ಕೆರೆದು ಹಾಕಿದವು. ಒಳಗಿನ ಮಂಜುಗಡ್ಡೆಗೆ ಕಂಬಳಿಯಾಗಿದ್ದದ್ದು ಅದೇ. ಬೇಸಿಗೆ ಬಂದಾಗ ಗಡ್ಡೆ ಕರಗಿ ರಸ್ತೆಯೇ ನೀರಿನ ಕಾಲುವೆಯಾಯಿತು. 1974ರಲ್ಲಿ ಪೈಪ್‌ಲೈನ್‌ಗಾಗಿ ರಸ್ತೆ ಕಟ್ಟುವಾಗ ನೆಲ ಕೆರೆಯದೆ ಮೇಲೆ ದಪ್ಪಗೆ ಜಲ್ಲಿ ಹಾಕಿದರು. ಜಲ್ಲಿ ರಸ್ತೆ ಇಲ್ಲದ ಕಡೆ ಈಗ ನೀರು ಸುರಿದು ಮಂಜಿನ ರಸ್ತೆ ಕಟ್ಟುತ್ತಾರೆ. ಬೇಸಿಗೆಗೆ ಅದು ತಾನಾಗಿ ಕರಗಿಹೋಗುತ್ತದೆ.

ಆದರೆ ಆ ಚಳಿಗಾಲವೇ ಈಗ ಚಿಕ್ಕದಾಗುತ್ತಿದೆ. 1970ರ ಹೊತ್ತಿಗೆ ಅಲಾಸ್ಕಾದ ಉತ್ತರದ ನೆಲದ ಮೇಲೆ ವಾಹನ ಓಡಿಸಲು ವರ್ಷಕ್ಕೆ 200 ದಿನ ಸಿಗುತ್ತಿತ್ತು. 2000ದ ದಶಕದ ಆರಂಭಕ್ಕೆ ಅದು ಸುಮಾರು 100ಕ್ಕೆ ಇಳಿಯಿತು. ಎಣ್ಣೆ ಸುಟ್ಟ ಹೊಗೆಯಿಂದ ಭೂಮಿ ಬಿಸಿಯಾಗಿ, ಎಣ್ಣೆ ತೆಗೆಯುವ ದಿನಗಳೇ ಕಡಿಮೆಯಾಗುತ್ತಿವೆ.

ಇಷ್ಟೆಲ್ಲದರ ನಡುವೆ ನನ್ನ ಗಮನ ಹೋಗುವುದು ರಿಗ್ಗಿನ ಕೂಲಿಯವನ ಕಡೆಗೆ. ಬ್ರೇಕಪ್‌ನಲ್ಲಿ ರಿಗ್ ನಿಂತರೆ ದಿನಗೂಲಿಯೂ ನಿಲ್ಲುತ್ತದೆ. ಚಳಿಯಲ್ಲಿ ದುಡಿದದ್ದನ್ನು ಅವನು ಆ ವಾರಗಳಿಗೆ ಎತ್ತಿಡಬೇಕು. ತಂದೆಯ ಅಂಗಡಿಯ ಸಾಲದ ಪುಸ್ತಕದಲ್ಲಿ ನಾನು ಕಂಡದ್ದೂ ಇದನ್ನೇ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಬಾಕಿ ತೀರುತ್ತದೆ. ಜೂನ್ ಮಳೆ ಹಿಡಿದರೆ ಅದೇ ಹೆಸರುಗಳ ಮುಂದೆ ಅಕ್ಕಿ, ಸಕ್ಕರೆ, ಸೀಮೆಎಣ್ಣೆಯ ಲೆಕ್ಕ ಏರುತ್ತದೆ. ನೆಲ ಒಪ್ಪದ ದಿನಗಳಲ್ಲಿ ಆ ಮನೆಗಳ ಊಟ ನಡೆಯುವುದು ಅಂಗಡಿಯವನು ಎಷ್ಟು ದಿನ ಕಾಯುತ್ತಾನೆ ಎಂಬುದರ ಮೇಲೆ.