ಮಣಿಸರದ ಲೆಕ್ಕ: ರಾಮನಗರದ ಪ್ರಯೋಗ ಸೋತದ್ದೇಕೆ? ಗರಗದ ನೆಲೆಯಿಂದ ಒಂದು ಮರುಪರಿಶೀಲನೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ದೇಶದ ಸರಾಸರಿ ಶೇ. 38. ಗಂಡಸರ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಸರ್ಕಾರದ ಪಟ್ಟಿಯಲ್ಲಿ ನಿರೋಧ್ ಇದೆ, ವಂಕಿ ಇದೆ, ಮಾಲಾ-ಎನ್ ಇದೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು, ವಾರದ ಲೆಕ್ಕದಲ್ಲಿ ನುಂಗುವ ಛಾಯಾ ಗುಳಿಗೆಯೂ ಇವೆ. ಆದರೂ ಧಾರವಾಡ ತಾಲೂಕಿನ ಗರಗದಂಥ ಊರಲ್ಲಿ ‘ಆಪರೇಶನ್ ಆಗೇತಿ’ ಎಂದರೆ ಯಾವ ಆಪರೇಶನ್ ಎಂದು ಯಾರೂ ಕೇಳುವುದಿಲ್ಲ.

ಇದಕ್ಕೆ ಸಿದ್ಧವಾಗಿರುವ ವಿವರಣೆ ಒಂದಿದೆ. ದಿನ ನೆನಪಿಟ್ಟು, ಲೆಕ್ಕ ಹಾಕಿ ಅನುಸರಿಸಬೇಕಾದ ವಿಧಾನಗಳು ಓದುಬರಹವಿಲ್ಲದ ಹೆಂಗಸರ ಕೈಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಒಮ್ಮೆಗೇ ಮುಗಿಯುವ ಉಪಾಯವೇ ಅವರಿಗೆ ತಕ್ಕದ್ದು ಎಂಬುದು. ಇದರ ಮೊದಲ ಸಾಕ್ಷಿಯಾಗಿ ಎತ್ತಿ ತೋರಿಸುವುದು 1950ರ ದಶಕದ ರಾಮನಗರದ ಮಣಿಸರವನ್ನು. ಆ ಸಾಕ್ಷಿ ಹೊರಿಸಿದಷ್ಟು ಭಾರವನ್ನು ಹೊರಲಾರದು ಎಂಬುದು ನನ್ನ ವಾದ.

ಹಿನ್ನೆಲೆ ಬಲ್ಲವರಿಗೆ ಹೊಸದೇನಲ್ಲ. 1921ರಲ್ಲಿ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಸಂತತಿ ನಿಯಮನದ ಕೇಂದ್ರ ತೆರೆದರು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲೇ ಅಂಥ ಕೇಂದ್ರಗಳಿಗೆ ಅನುಮತಿ ಕೊಟ್ಟಿತು. 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಆಗ ಮುಂಬಯಿ ರಾಜ್ಯದಲ್ಲಿದ್ದ ಗರಗ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗ ಆ ರಾಜ್ಯದ ಅನುಭವದ ಪಾಠಕ್ಕೂ ವಾರಸುದಾರ ಊರಾಯಿತು.

ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಸಂಯಮವನ್ನು ಬಿಟ್ಟು ಬೇರೆ ಉಪಾಯಕ್ಕೆ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಕ್ಯಾಥೊಲಿಕ್ ದೇಶಗಳ ವಿರೋಧದ ಭಯ. ಹೀಗಾಗಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಮಾರ್ಗದರ್ಶನದಲ್ಲಿ ದೆಹಲಿಯ ಲೋಧಿ ಕಾಲನಿಯಲ್ಲೂ ನಮ್ಮ ರಾಮನಗರದಲ್ಲೂ ಪರೀಕ್ಷೆಗೆ ಇಟ್ಟದ್ದು ‘ಸುರಕ್ಷಿತ ದಿನ’ಗಳ ವಿಧಾನವೊಂದನ್ನೇ. ಹೆಂಗಸರಿಗೆ ಮಣಿಸರ ಕೊಟ್ಟರು: ಹಸಿರು ಮಣಿ ಸುರಕ್ಷಿತ ದಿನ, ಕೆಂಪು ಮಣಿ ಗರ್ಭ ನಿಲ್ಲುವ ದಿನ; ದಿನಕ್ಕೊಂದು ಮಣಿ ಸರಿಸುವುದು. ಕಲಿಯಲು ಆಸೆಪಟ್ಟವರು ಬಹಳ, ಪಾಲಿಸಿದವರು ಕಡಿಮೆ. ಕತ್ತಲಲ್ಲಿ ಬಣ್ಣ ತಿಳಿಯಲಿಲ್ಲ, ಮಣಿ ಸರಿಸಿದರೆ ಸಾಕು ಗರ್ಭ ನಿಲ್ಲುವುದಿಲ್ಲವೆಂದು ನಂಬಿದರು ಎಂಬ ಕತೆಗಳು ಅಂದಿನಿಂದ ಬಾಯಿಂದ ಬಾಯಿಗೆ ಓಡಾಡುತ್ತಿವೆ. ನಗಿಸುವ ಕತೆ ಬೇಗ ಸಾಕ್ಷ್ಯವಾಗುತ್ತದೆ.

ಮೊದಲು ವಿಧಾನವನ್ನೇ ನೋಡೋಣ. ಜಪಾನಿನ ಒಗಿನೋ ಮತ್ತು ಆಸ್ಟ್ರಿಯಾದ ಕ್ನಾಸ್ 1920ರ ದಶಕದಲ್ಲಿ ರೂಪಿಸಿದ ಲೆಕ್ಕದ ಪ್ರಚಲಿತ ರೂಪ ಹೀಗಿದೆ: ಹಲವು ತಿಂಗಳ ಮುಟ್ಟಿನ ದಾಖಲೆಯಲ್ಲಿ ಅತಿ ಚಿಕ್ಕ ಚಕ್ರದಿಂದ 18 ಕಳೆದರೆ ಅಪಾಯದ ಮೊದಲ ದಿನ, ಅತಿ ದೊಡ್ಡದರಿಂದ 11 ಕಳೆದರೆ ಕೊನೆಯ ದಿನ. ಚಕ್ರ 26ರಿಂದ 31 ದಿನಗಳ ನಡುವೆ ಇದ್ದರೆ 8ರಿಂದ 20ನೆಯ ದಿನದವರೆಗೆ, ಅಂದರೆ 13 ದಿನ ದೂರವಿರಬೇಕು. ಅದೇ 24ರಿಂದ 35ರವರೆಗೆ ಏರುಪೇರಾದರೆ 6ರಿಂದ 24. ಸರದಲ್ಲಿ 19 ಮಣಿ ಕೆಂಪು! ಇಂಥ ಸರವನ್ನು ಬದಿಗಿಟ್ಟವಳನ್ನು ದಡ್ಡಿ ಎನ್ನಬೇಕೆ?

ಎರಡನೆಯದು ಇನ್ನೂ ಮುಖ್ಯ. ಮುಟ್ಟು ಕ್ರಮವಾಗಿ ಬರುವವರಿಗಷ್ಟೇ ಈ ಲೆಕ್ಕ. ಆ ಕಾಲದ ಹಳ್ಳಿಯ ಹರೆಯದ ಸೊಸೆ ಒಂದೋ ಬಸುರಿ, ಇಲ್ಲವೇ ಬಾಣಂತಿ, ಇಲ್ಲವೇ ವರ್ಷ ದಾಟಿದ ಕೂಸಿಗೆ ಇನ್ನೂ ಮೊಲೆಯೂಡಿಸುವವಳು. ಮೊಲೆಯೂಡಿಸುವಾಗ ಮುಟ್ಟು ತಡವಾಗುತ್ತದೆ. ಮರಳಿದ ಮೇಲೂ ಕೆಲ ತಿಂಗಳು ಹದಕ್ಕೆ ಬಾರದು. ಅಂತರ ಯಾರಿಗೆ ತುರ್ತಾಗಿ ಬೇಕಿತ್ತೋ ಅವರಿಗೇ ಸರ ಹೊಂದುತ್ತಿರಲಿಲ್ಲ.

ಇನ್ನು ಎಣಿಕೆ. ಅಮಾವಾಸ್ಯೆ ಹುಣ್ಣಿಮೆಗಳ ಗುರುತಿನ ಮೇಲೆ ಮುಟ್ಟಿನ ದಿನ ಹೇಳುವುದು ನಮ್ಮ ಹೆಂಗಸರಿಗೆ ನಿತ್ಯದ ರೂಢಿ. ಗರಗದ ಮಾತನ್ನು ಇಲ್ಲಿ ಬೇಕೆಂದೇ ತರುತ್ತೇನೆ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಈ ಊರಲ್ಲಿ ನೂಲುವವರ ಕೂಲಿ ಲಡಿಯ ಲೆಕ್ಕದ ಮೇಲೆ. ಧ್ವಜದ ಬಟ್ಟೆಯಾದರೋ ಎಳೆಗಳ ಲೆಕ್ಕ ತಪ್ಪಿದರೆ ಪಾಸಾಗದು. ಇಂಥ ಕೈಗಳಿಗೆ ತಿಂಗಳ ಎಣಿಕೆ ಬಾರದೆನ್ನಲು ಹೆಚ್ಚಿನ ಪುರಾವೆ ಬೇಕು. ಅರ್ಧ ಶತಮಾನದ ಮೇಲೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಅದೇ ಮಣಿಸರದ ಕಲ್ಪನೆಯನ್ನು ಸರಳಗೊಳಿಸಿದರು: 32 ಮಣಿ, 26ರಿಂದ 32 ದಿನಗಳ ಚಕ್ರದವರಿಗೆ ಮಾತ್ರ, ಎಲ್ಲರಿಗೂ 8ರಿಂದ 19ನೆಯ ದಿನವೇ ಅಪಾಯದ ಕಾಲ. 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸರಿಯಾಗಿ ಪಾಲಿಸಿದ ನೂರು ಹೆಂಗಸರಲ್ಲಿ ವರ್ಷಕ್ಕೆ ಸುಮಾರು 5, ಸಾಮಾನ್ಯ ಬಳಕೆಯಲ್ಲಿ 12 ಮಂದಿ ಬಸುರಾದರು. ವಂಕಿಯ ಮುಂದೆ ಇದು ದುರ್ಬಲವೇ. ಆದರೆ ಮಣಿ ಎಣಿಸುವುದು ಅಸಾಧ್ಯವೆಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಹಾಗಾದರೆ ರಾಮನಗರದಿಂದ ಕಲಿತ ತಪ್ಪು ಪಾಠವೇ ಆಪರೇಶನ್ನಿನ ಕಡೆಗೆ ದಾರಿ ಮಾಡಿತೆ? ಬಹುಶಃ ಒಂದಿಷ್ಟು ಮಟ್ಟಿಗೆ, ಹೌದು. ಅಷ್ಟನ್ನೂ ಅಳುಕುತ್ತಲೇ ಹೇಳಬೇಕು. 1965ರ ಲೂಪ್ (ವಂಕಿ) ಕಾರ್ಯಕ್ರಮವೂ ಹೆಂಗಸರ ನಿತ್ಯದ ಲೆಕ್ಕವನ್ನು ಬೇಡದ ಉಪಾಯವೇ, ಆದರೆ ಅದರ ಹಿಂದೆ ಬೇರೆ ಒತ್ತಡಗಳಿದ್ದವು: 1961ರ ಜನಗಣತಿ, ವಿದೇಶಿ ನೆರವು, ಗುರಿ ಮುಟ್ಟಿಸುವ ಆಡಳಿತ. 1976–77ರಲ್ಲಿ ದೇಶದಲ್ಲಾದ 80 ಲಕ್ಷ ಮೀರಿದ ಶಸ್ತ್ರಚಿಕಿತ್ಸೆಗಳಲ್ಲಿ ಬಹುಪಾಲು ಗಂಡಸರದು. ಭಾರ ಹೆಂಗಸರ ಮೇಲೆ ಪೂರ್ತಿ ವಾಲಿದ್ದು ಆಮೇಲೆ. ಇದಕ್ಕೆ ಮಣಿಸರವನ್ನು ಹೊಣೆ ಮಾಡಲಾಗದು. ಆಂಧ್ರದ ಹಳ್ಳಿಯ ಅಧ್ಯಯನದಲ್ಲಿ ಮಿನ್ನಾ ಸಾವಾಲಾ (1999) ತೋರಿಸಿದಂತೆ, ಆಪರೇಶನ್ನಿನಲ್ಲಿ ಯುವತಿಯರ ಸ್ವಂತ ಜಾಣತನವೂ ಇರಬಹುದು: ಹೆರಿಗೆಯ ಸರದಿ ತಾವೇ ಮುಗಿಸಿ ಮನೆಯಲ್ಲಿ ಸ್ಥಾನ ಪಡೆಯುವುದು. ನನ್ನ ವಾದ ಅದನ್ನು ಅಲ್ಲಗಳೆಯುವುದಿಲ್ಲ. ಎರಡು ಮಕ್ಕಳ ನಡುವಿನ ವರ್ಷಗಳಿಗೆ ನಂಬಿ ಆರಿಸಬಹುದಾದ ಉಪಾಯ ಮುಂದಿಲ್ಲದಾಗ ಮಾಡಿದ ಆಯ್ಕೆಯನ್ನು ಸ್ವಭಾವವೆಂದು ಓದಬಾರದು, ಇಷ್ಟೇ.

ಒಂದು ಪ್ರಶ್ನೆಯನ್ನು ಈ ಲೇಖನ ಬಿಡಿಸಿಲ್ಲ. ಸುರಕ್ಷಿತ ದಿನದ ವಿಧಾನಕ್ಕೆ ಇಬ್ಬರ ಒಪ್ಪಿಗೆ ಬೇಕು. ಸರ ಕೊಟ್ಟದ್ದು ಒಬ್ಬಳಿಗೆ. ಕೆಂಪು ಮಣಿಯ ರಾತ್ರಿ ಬೇಡವೆಂದವಳ ಮಾತು ಎಷ್ಟು ಮನೆಗಳಲ್ಲಿ ನಡೆಯಿತು ಎಂಬುದನ್ನು ಸೋಲಿನ ಲೆಕ್ಕದಿಂದ ಬೇರ್ಪಡಿಸದೆ, ರಾಮನಗರದ ಹೆಂಗಸರು ಆ ವಿಧಾನವನ್ನು ಅರಿಯದೆ ಬಿಟ್ಟರೋ ಅರಿತೂ ನಡೆಸಲಾಗದೆ ಬಿಟ್ಟರೋ ತೀರ್ಮಾನಿಸಲಾಗದು.