ರಟ್ಟಿನ ಪೆಟ್ಟಿಗೆ ಕತ್ತರಿಸಲು ಯಾವ ಕತ್ತಿ ಒಳ್ಳೆಯದು?

ನವೆಂಬರ್ ಹತ್ತಿರವಾದಂತೆ ಕಾಸರಗೋಡಿನ ನಮ್ಮ ಸಂಘದ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿ ಬೆಳೆಯುತ್ತದೆ. ವಾಚನಾಲಯಕ್ಕೆ ಬೆಂಗಳೂರಿನಿಂದ ಬಂದ ಪುಸ್ತಕಗಳು, ಮಕ್ಕಳ ಸ್ಪರ್ಧೆಯ ಬಹುಮಾನಗಳು, ಬಾವುಟ, ಬ್ಯಾನರು, ಊಟದ ತಟ್ಟೆ ಎಲ್ಲವೂ ಪೆಟ್ಟಿಗೆಯಲ್ಲೇ ಬರುತ್ತವೆ. ಬಿಚ್ಚಬೇಕು, ಖಾಲಿಯಾದದ್ದನ್ನು ಚಪ್ಪಟೆ ಮಾಡಿ ಕಟ್ಟಬೇಕು, ಒಳ್ಳೆಯ ಹಾಳೆಗಳನ್ನು ಆರಿಸಿ ವೇದಿಕೆಯ ಅಕ್ಷರಗಳಿಗೆ ಇಟ್ಟುಕೊಳ್ಳಬೇಕು. ಸದಸ್ಯರ ಮನೆಗಳಿಗೂ ಈಗ ಪಾರ್ಸೆಲ್ ಬರುವುದು ಮಾಮೂಲಾಗಿದೆ. “ಇದಕ್ಕೆ ಯಾವ ಕತ್ತಿ ತೆಗೆದುಕೊಳ್ಳಲಿ?” ಎಂಬ ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಹೆಬ್ಬೆರಳಿಗೆ ಬಿದ್ದ ಒಂದು ಗಾಯ ಬೀಡಿ ಕಟ್ಟುವವರಿಗೆ, ಅಡಿಕೆ ಸುಲಿಯುವವರಿಗೆ ಎಷ್ಟು ದಿನದ ಸಂಪಾದನೆ ಕಳೆಯುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಒಂದೇ ಕತ್ತಿ ಕೊಳ್ಳುವುದಾದರೆ 18 ಮಿಲಿಮೀಟರ್ ಅಗಲದ, ತುದಿ ಮುರಿದು ಹೊಸ ಮೊನೆ ಪಡೆಯುವ ಬ್ಲೇಡಿನ ಕಟ್ಟರ್ ಕೊಳ್ಳಿ. ಬ್ಲೇಡು ಓಡಾಡುವ ಹಾದಿ ಲೋಹದ್ದಾಗಿರಲಿ, ಒತ್ತಿದಾಗ ಬ್ಲೇಡು ಹಿಂದೆ ಜಾರದಂತೆ ಬಿಗಿಯುವ ತಿರುಪು ಅಥವಾ ಗಟ್ಟಿ ಲಾಕ್ ಇರಲಿ. ಜೊತೆಗೆ ಹೆಚ್ಚುವರಿ ಬ್ಲೇಡುಗಳ ಒಂದು ಪೊಟ್ಟಣ ತನ್ನಿ. ನಮ್ಮ ಅಭಿಪ್ರಾಯದಲ್ಲಿ ಕತ್ತಿಗಿಂತ ಆ ಪೊಟ್ಟಣವೇ ಮುಖ್ಯ. ಯಾಕೆಂದು ತಿಳಿಯಲು ರಟ್ಟಿನ ಒಳಗೆ ಸ್ವಲ್ಪ ನೋಡಬೇಕು.

ರಟ್ಟು ಕತ್ತಿಯನ್ನು ಸವೆಸುವ ಬಗೆ

ಪೆಟ್ಟಿಗೆಯ ರಟ್ಟು ಒಂದೇ ದಪ್ಪ ಕಾಗದವಲ್ಲ. ಎರಡು ಚಪ್ಪಟೆ ಕಾಗದಗಳ ನಡುವೆ ಸೀರೆಯ ನಿರಿಗೆಯಂತೆ ಮಡಿಸಿದ ಇನ್ನೊಂದು ಕಾಗದವನ್ನು ಗಂಜಿಯ ಅಂಟಿನಿಂದ ಕೂಡಿಸಿರುತ್ತಾರೆ. ಅಂಗಡಿಯವರು ಇದನ್ನು ‘ಮೂರು ಪ್ಲೈ’ ಎನ್ನುತ್ತಾರೆ. ಎರಡು ಸಾಲು ನಿರಿಗೆ ಇದ್ದರೆ ಐದು ಪ್ಲೈ, ಮೂರು ಸಾಲಿದ್ದರೆ ಏಳು ಪ್ಲೈ. ಸಾಮಾನ್ಯ ಪಾರ್ಸೆಲ್ ಪೆಟ್ಟಿಗೆಯ ಮೂರು ಪ್ಲೈ ರಟ್ಟು 3ರಿಂದ 4 ಮಿ.ಮೀ. ದಪ್ಪ, ಭಾರದ ಸಾಮಾನಿನ ಐದು ಪ್ಲೈ ಸುಮಾರು 6ರಿಂದ 7 ಮಿ.ಮೀ. ಈ ಅಂಕೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಿರಿಗೆ ಕಾಗದ ಹುಟ್ಟಿದ್ದು ಪೆಟ್ಟಿಗೆಗಾಗಿ ಅಲ್ಲ ಎಂಬುದು ತಮಾಷೆಯ ಸಂಗತಿ. 1856ರಲ್ಲಿ ಇಂಗ್ಲೆಂಡಿನ ಹೀಲಿ ಮತ್ತು ಅಲೆನ್ ಇದಕ್ಕೆ ಪೇಟೆಂಟ್ ಪಡೆದದ್ದು ಎತ್ತರದ ಟೋಪಿಗಳ ಒಳಪದರಕ್ಕಾಗಿ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಗಾಜಿನ ಸಾಮಾನು ಸುತ್ತಲು ಬಳಸಿದರು. ಎರಡೂ ಬದಿಗೆ ಕಾಗದ ಅಂಟಿಸಿ ಗಟ್ಟಿ ಮಾಡುವ ಕ್ರಮ 1874ರಲ್ಲಿ ಆಲಿವರ್ ಲಾಂಗ್ ಅವರಿಂದ ಬಂತು.

ಮರವನ್ನೂ ತೆಂಗಿನ ಮಡಲನ್ನೂ ಕಡಿಯುವ ಕತ್ತಿ ಮೆತ್ತಗಿನ ರಟ್ಟಿಗೆ ಯಾಕೆ ಸೋಲುತ್ತದೆ? ರಟ್ಟು ಹೆಚ್ಚಾಗಿ ಹಳೆಯ ಕಾಗದವನ್ನು ಮತ್ತೆ ಅರೆದು ಮಾಡಿದ್ದು. ಆ ಕಾಗದದಲ್ಲಿ ನುಣುಪಿಗೆಂದು ಬೆರೆಸಿದ ಜೇಡಿ, ಸುಣ್ಣದ ಪುಡಿ ಇರುತ್ತದೆ. ಗುಜರಿಯಿಂದ ಗುಜರಿಗೆ ಸಾಗುವಾಗ ಸೇರಿಕೊಂಡ ಸಣ್ಣ ಮರಳಿನ ಕಣಗಳೂ ಇರುತ್ತವೆ. ಹಾಗಾಗಿ ರಟ್ಟು ಕತ್ತರಿಸುವುದೆಂದರೆ ಬಹಳ ನಯವಾದ ಸ್ಯಾಂಡ್‌ಪೇಪರಿನ ಮೇಲೆ ಅಲಗನ್ನು ಎಳೆದಂತೆ. ಹತ್ತಿಪ್ಪತ್ತು ಪೆಟ್ಟಿಗೆ ಆಗುವಷ್ಟರಲ್ಲಿ ಎಂಥ ಬ್ಲೇಡಿನ ಮೊನೆಯೂ ಮಂಕಾಗುತ್ತದೆ. ಟೇಪಿನ ಅಂಟು ಬೇರೆ ಮೆತ್ತಿಕೊಂಡು ಎಳೆತ ಹೆಚ್ಚಿಸುತ್ತದೆ.

ಮೊಂಡಾದ ಅಲಗಿಗೆ ಜಾಸ್ತಿ ಬಲ ಹಾಕಬೇಕು. ಜಾಸ್ತಿ ಬಲ ಹಾಕಿದಾಗ ರಟ್ಟು ಒಮ್ಮೆಲೇ ಬಿಟ್ಟುಕೊಡುತ್ತದೆ, ಕೈ ನಿಲ್ಲುವುದಿಲ್ಲ, ಎದುರಿಗೆ ಪೆಟ್ಟಿಗೆ ಹಿಡಿದ ಎಡಗೈ ಇರುತ್ತದೆ. “ಹರಿತ ಬೇಡಪ್ಪಾ, ಮಕ್ಕಳಿರುವ ಮನೆ” ಎಂದು ಹಳೇ ಬ್ಲೇಡನ್ನೇ ಬಳಸುವುದು ಇದರಿಂದಲೇ ಅಪಾಯ. ಮಕ್ಕಳಿದ್ದರೆ ಕತ್ತಿಯನ್ನು ಎತ್ತರದಲ್ಲಿಡಿ, ಬ್ಲೇಡು ಮಾತ್ರ ಹೊಸದಿರಲಿ.

ಮನೆಯಲ್ಲಿರುವ ಕತ್ತಿಗಳು

ಅಡುಗೆಮನೆಯ ಪೀಶಕತ್ತಿ ಕೈಗೆ ಮೊದಲು ಸಿಗುವುದು. ಟೇಪು ಸೀಳಲು ಆಗುತ್ತದೆ, ಆದರೆ ನಾಲ್ಕು ಪೆಟ್ಟಿಗೆ ಕತ್ತರಿಸಿದ ಮೇಲೆ ಟೊಮೆಟೊ ಹೆಚ್ಚಲು ಬಾರದು. ಅದರ ಉದ್ದವೂ ತೊಂದರೆ. ಟೇಪಿನ ಕೆಳಗೆ ಎರಡು ಬೆರಳಷ್ಟು ಇಳಿದರೆ ಮೇಲಿನ ಪುಸ್ತಕದ ರಕ್ಷಾಪುಟ ಅಥವಾ ಸೀರೆಯ ಸೆರಗು ಹೋಯಿತು. ಮೆಟ್ಟುಕತ್ತಿಯಲ್ಲಿ ಅಲಗು ನಿಂತಿರುತ್ತದೆ, ಕೈ ಅದರ ಕಡೆಗೆ ಹೋಗುತ್ತದೆ. ತರಕಾರಿಗೆ ಸರಿ. ಅಗಲವಾದ ರಟ್ಟನ್ನು ಒತ್ತಿದಾಗ ಅದು ಮಡಚಿ ಕೈಯನ್ನೇ ಅಲಗಿಗೆ ತರುತ್ತದೆ, ಆದ್ದರಿಂದ ಬೇಡ. ತೋಟದ ಕತ್ತಿ ಕಡಿಯುವುದಕ್ಕಿರುವುದು, ಗಲ್ಫಿನಿಂದ ಬಂದ ಪೆಟ್ಟಿಗೆಯ ಹಗ್ಗ ಕಡಿಯಲು ಮಾತ್ರ ಉಪಯೋಗ. ಕತ್ತರಿ ಮೂರು ಪ್ಲೈಗೆ ಸಾಕು, ಆದರೆ ಐದನೇ ಪೆಟ್ಟಿಗೆಗೆ ಹೆಬ್ಬೆರಳು ನೋಯುತ್ತದೆ. ಹಲ್ಲಿರುವ ಬ್ರೆಡ್ ಕತ್ತಿ ದಪ್ಪ ರಟ್ಟನ್ನು ಗರಗಸದಂತೆ ಚೆನ್ನಾಗಿಯೇ ಕೊಯ್ಯುತ್ತದೆ. ಅಂಚು ಒರಟಾಗುತ್ತದೆ, ಕಾಗದದ ಪುಡಿ ಹಾರುತ್ತದೆ, ಆದರೂ ತುರ್ತಿಗೆ ಪೀಶಕತ್ತಿಗಿಂತ ಮೇಲು.

ಅಂಗಡಿಯಲ್ಲಿ ಸಿಗುವವು

ಮುರಿಯುವ ಬ್ಲೇಡಿನ ಕಟ್ಟರನ್ನು 1956ರಲ್ಲಿ ಜಪಾನಿನ ಒಸಾಕಾದಲ್ಲಿ ಯೋಶಿಯೋ ಒಕಾಡಾ ರೂಪಿಸಿದರು. ಕಾಗದ ಕತ್ತರಿಸುವಾಗ ಬ್ಲೇಡಿನ ತುದಿ ಮಾತ್ರ ಸವೆದು ಉಳಿದ ಭಾಗ ದಂಡವಾಗುವುದನ್ನು ಅವರು ನೋಡಿದ್ದರು. ಚಮ್ಮಾರರು ಗಾಜಿನ ಚೂರನ್ನು ಮುರಿದು ಹೊಸ ಅಂಚು ಪಡೆಯುತ್ತಿದ್ದದ್ದು, ಚಾಕೊಲೇಟನ್ನು ಗೆರೆಯಲ್ಲಿ ಮುರಿಯುವುದು, ಈ ಎರಡರಿಂದ ಅವರಿಗೆ ದಾರಿ ಹೊಳೆಯಿತು. ಅವರು ಕಟ್ಟಿದ ಕಂಪೆನಿಯ ಹೆಸರು ಓಲ್ಫಾ, ಜಪಾನಿ ಭಾಷೆಯಲ್ಲಿ ‘ಮುರಿಯುವ ಅಲಗು’ ಎಂಬ ಮಾತಿನಿಂದ ಬಂದದ್ದು. ಅಂದಿನ ಅಳತೆಗಳೇ ಇಂದು ಎಲ್ಲೆಡೆ ನಡೆಯುವುದರಿಂದ ಒಂದು ಕಂಪೆನಿಯ ಹಿಡಿಗೆ ಇನ್ನೊಂದರ ಬ್ಲೇಡು ಸಾಮಾನ್ಯವಾಗಿ ಕೂರುತ್ತದೆ.

ಇದರಲ್ಲಿ 9 ಮಿ.ಮೀ. ಮತ್ತು 18 ಮಿ.ಮೀ. ಎಂಬ ಎರಡು ಅಗಲ ಹೆಚ್ಚು ಬಳಕೆಯಲ್ಲಿವೆ. ಮಕ್ಕಳ ಪೆನ್ಸಿಲ್ ಡಬ್ಬಿಯಲ್ಲಿ ಕಾಣುವ ಸಪೂರ ಕಟ್ಟರ್ 9ರದ್ದು. ರಟ್ಟಿಗೆ ಒತ್ತಿದರೆ ಬಾಗುತ್ತದೆ, ಬಾಗಿದಾಗ ಗೆರೆಯಲ್ಲೇ ಪಟ್ಟೆಂದು ಮುರಿದು ಚೂರು ಹಾರುತ್ತದೆ. 18ರ ಬ್ಲೇಡು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಎಂಟು ತುಂಡಿನದು. ಒಂದು ಮಂಕಾದರೆ ಮುರಿದು ಮುಂದಿನದಕ್ಕೆ ಹೋಗಬಹುದು. ಕೊಳ್ಳುವಾಗ ಬ್ಲೇಡನ್ನು ಒಂದು ತುಂಡಷ್ಟು ಹೊರತೆಗೆದು, ಲಾಕ್ ಹಾಕಿ, ಅಂಗಡಿಯವರ ಹಳೆಯ ರಟ್ಟಿನ ಮೇಲೆ ಒತ್ತಿ ನೋಡಿ. ಅಲುಗಾಡಿದರೆ ಬೇಡ. ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಕಟ್ಟರಿನ ದೋಷ ಬ್ಲೇಡಿನಲ್ಲಲ್ಲ, ಈ ಅಲುಗಾಟದಲ್ಲಿ.

ಐದು, ಏಳು ಪ್ಲೈ ಪೆಟ್ಟಿಗೆಗಳನ್ನು ದಿನವೂ ಒಡೆಯುವವರಿಗೆ, ಉದಾಹರಣೆಗೆ ಹೊಸೂರಿನ ಕಾರ್ಖಾನೆಗಳಲ್ಲಿ, ಸೊಲ್ಲಾಪುರದ ಚಾದರ ಟವೆಲಿನ ಅಂಗಡಿಗಳಲ್ಲಿ ದುಡಿಯುವ ನಮ್ಮವರಿಗೆ, ಬೇರೆ ಬಗೆ ಮೇಲು: ಗಟ್ಟಿ ಲೋಹದ ಹಿಡಿಯೊಳಗೆ ಚಿಕ್ಕ, ದಪ್ಪ ಬ್ಲೇಡು ಕೂರುವ ಯುಟಿಲಿಟಿ ಕತ್ತಿ. ಬ್ಲೇಡಿಗೆ ಎರಡು ತುದಿ, ಒಂದು ಮಂಕಾದರೆ ತಿರುಗಿಸಿ ಹಾಕುವುದು. ಮುರಿಯುವ ಗೆರೆಗಳಿಲ್ಲದ್ದರಿಂದ ಅಡ್ಡ ಬಲಕ್ಕೆ ಸುಲಭವಾಗಿ ತುಂಡಾಗುವುದಿಲ್ಲ. ಗುಂಡಿ ಬಿಟ್ಟೊಡನೆ ಸ್ಪ್ರಿಂಗಿನಿಂದ ಬ್ಲೇಡು ಒಳಗೆ ಹೋಗುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಹತ್ತಾರು ಹುಡುಗ ಹುಡುಗಿಯರು ಸೇರಿ ಪೆಟ್ಟಿಗೆ ಬಿಚ್ಚುವ ಕಡೆ ನಾವು ಕೊಡುವುದು ಇನ್ನೊಂದನ್ನು. ಕೊಕ್ಕೆಯಂಥ ಪ್ಲಾಸ್ಟಿಕ್ ಬಾಯಿಯ ಒಳಗೆ ಅಡಗಿದ ಸಣ್ಣ ಬ್ಲೇಡಿನ ಕತ್ತಿ. ಬೆರಳು ಅದರೊಳಗೆ ಹೋಗುವುದಿಲ್ಲ, ಸೀರೆ ಪುಸ್ತಕಗಳಿಗೂ ತಾಗುವುದಿಲ್ಲ. ದಪ್ಪ ರಟ್ಟಿಗೆ ಆಗದು, ಟೇಪಿಗೂ ಪ್ಲಾಸ್ಟಿಕ್ ಪಟ್ಟಿಗೂ ಇದಕ್ಕಿಂತ ಬೇರೆ ಬೇಡ. ಸೆರಾಮಿಕ್ ಬ್ಲೇಡು, ಬ್ಯಾಟರಿಯ ಕತ್ತರಿಗಳೂ ಬಂದಿವೆ. ಮನೆಬಳಕೆಗೆ ಅಷ್ಟು ಖರ್ಚು ನಮಗೆ ಅನಗತ್ಯವೆನಿಸುತ್ತದೆ.

ಗಡಿಯಾಚೆಯ ಅಂಗಡಿಗಳಲ್ಲಿ ‘ರಟ್ಟು’ ಎಂದರೆ ಎಲ್ಲರಿಗೂ ತಿಳಿಯದು. ಮರಾಠಿಯವರಿಗೆ ಅದು ‘ಪುಠ್ಠಾ’, ತಮಿಳಿನವರಿಗೆ ‘ಅಟ್ಟೈ’, ತೆಲುಗಿನವರಿಗೆ ‘ಅಟ್ಟ’. ‘ಕಟ್ಟರ್’ ಎಂಬ ಮಾತು ಮಾತ್ರ ಎಲ್ಲೆಡೆ ನಡೆಯುತ್ತದೆ. ಜೊತೆಗೆ ‘18 ಎಂಎಂ’ ಎಂದು ಸೇರಿಸಲು ಮರೆಯಬೇಡಿ.

ಕತ್ತರಿಸುವ ಕ್ರಮ

ಚಪ್ಪಟೆ ಮಾಡಲು ರಟ್ಟನ್ನು ಕತ್ತರಿಸಲೇಬೇಕೆಂದಿಲ್ಲ. ಮೇಲಿನ ಟೇಪು, ತಳದ ಟೇಪು ಸೀಳಿ, ಪಕ್ಕದ ಮೂಲೆಯ ಅಂಟಿಸಿದ ಜೋಡಣೆ ಬಿಡಿಸಿದರೆ ಪೆಟ್ಟಿಗೆ ತಾನೇ ಹಾಸಿಕೊಳ್ಳುತ್ತದೆ. ಹಣ್ಣಿನ ಪೆಟ್ಟಿಗೆಗಳಲ್ಲಿ ಜೋಡಣೆಗೆ ತಂತಿಯ ಪಿನ್ನು ಹೊಡೆದಿರುವುದುಂಟು. ಅದಕ್ಕೆ ಬ್ಲೇಡು ತಗುಲಿಸಬೇಡಿ, ಇಕ್ಕಳದಿಂದ ಕೀಳಿ.

ಟೇಪು ಸೀಳುವಾಗ ಬ್ಲೇಡು 2-3 ಮಿ.ಮೀ. ಹೊರಗಿದ್ದರೆ ಸಾಕು. ರಟ್ಟನ್ನೇ ಕತ್ತರಿಸುವಾಗ ಅದರ ದಪ್ಪಕ್ಕಿಂತ ತುಸು ಹೆಚ್ಚು, ಅಂದರೆ ಒಂದು ತುಂಡು. ಎರಡು ತುಂಡಿಗಿಂತ ಹೆಚ್ಚು ಎಂದೂ ಬೇಡ. ಪೆಟ್ಟಿಗೆ ನೆಲದ ಮೇಲೆ ಅಥವಾ ಮೇಜಿನ ಮೇಲೆ ಇರಲಿ, ತೊಡೆಯ ಮೇಲೆ ಬೇಡ. ಕತ್ತಿ ಹೋಗುವ ದಾರಿಯ ಮುಂದೆ ಇನ್ನೊಂದು ಕೈ ಇರಬಾರದು, ಅದು ಹಿಂದೆ ಅಥವಾ ದೂರದ ಪಕ್ಕದಲ್ಲಿರಲಿ. ಒಂದೇ ಸಲ ಒತ್ತಿ ಸೀಳುವ ಬದಲು ಮೊದಲು ಮೇಲಿನ ಕಾಗದ, ಎರಡನೇ ಸಲ ಉಳಿದದ್ದು. ನಿರಿಗೆಯ ಉದ್ದಕ್ಕೆ ಕತ್ತರಿಸುವಾಗ ಅಲಗು ನಿರಿಗೆಯ ಕಾಲುವೆಗೆ ಜಾರಿ ಗೆರೆ ತಪ್ಪುತ್ತದೆ, ಸ್ಟೀಲ್ ಸ್ಕೇಲ್ ಇಟ್ಟುಕೊಳ್ಳಿ. ನಿರಿಗೆಗೆ ಅಡ್ಡವಾಗಿ ಕಷ್ಟ ಹೆಚ್ಚು, ಗೆರೆ ನೇರ. ಮಳೆಗಾಲದಲ್ಲಿ ತೇವ ಕುಡಿದ ರಟ್ಟು ಸೀಳದೆ ಹರಿಯುತ್ತದೆ. ಒಂದು ದಿನ ಒಣಗಲು ಬಿಡುವುದು ಒಳ್ಳೆಯದು.

ವೇದಿಕೆಯ ಅಕ್ಷರಗಳ ವಿಷಯ ಬೇರೆ. ಕನ್ನಡದ ಅಕ್ಷರಗಳು ಗುಂಡಗಿನವು. ‘ಠ’ ಇರಲಿ, ‘ನ’ ಇರಲಿ, 18ರ ಅಗಲದ ಬ್ಲೇಡು ತಿರುವಿನಲ್ಲಿ ತಿರುಗುವುದಿಲ್ಲ, ಅಂಚು ಮೂಲೆಮೂಲೆಯಾಗುತ್ತದೆ. ಇಲ್ಲಿ ಬೇಕಾದದ್ದು ಆ ಸಪೂರ 9 ಮಿ.ಮೀ. ಕಟ್ಟರೇ, ಅದರಲ್ಲೂ 30 ಡಿಗ್ರಿಯ ಚೂಪು ಮೊನೆಯ ಬ್ಲೇಡು. ಮೂರು ಪ್ಲೈ ಹಾಳೆ ಆರಿಸಿ, ಅಡಿಗೆ ಇನ್ನೊಂದು ರಟ್ಟು ಹಾಸಿ, ಒಳಗಿನ ಸಣ್ಣ ಸುತ್ತುಗಳನ್ನು ಮೊದಲು ತೆಗೆಯಿರಿ. ಹೊರಗಿನ ಗೆರೆ ಮೊದಲು ಕತ್ತರಿಸಿದರೆ ಹಿಡಿಯಲು ಜಾಗವೇ ಉಳಿಯುವುದಿಲ್ಲ. ತಿರುವಿನಲ್ಲಿ ಕೈಯನ್ನಲ್ಲ, ಹಾಳೆಯನ್ನು ತಿರುಗಿಸಿ.

ಇಷ್ಟಾಗಿಯೂ ಗಾಯವಾದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಕೈಯನ್ನು ಎತ್ತರಿಸಿ. ನಡುನಡುವೆ ತೆರೆದು ನೋಡಬೇಡಿ. ರಕ್ತ ನಿಂತ ಮೇಲೂ ಬೆರಳು ಮಡಚಲು ಅಥವಾ ನೀಡಲು ಆಗದಿದ್ದರೆ, ತುದಿ ಜೋಮು ಹಿಡಿದಂತಿದ್ದರೆ, ಒಳಗಿನ ಸ್ನಾಯುರಜ್ಜು ಅಥವಾ ನರ ತುಂಡಾಗಿರಬಹುದು. ಗಾಯ ಚಿಕ್ಕದಾಗಿ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಟಿಟಿ ಚುಚ್ಚುಮದ್ದಿನ ಬಗ್ಗೆಯೂ ವೈದ್ಯರಲ್ಲಿ ಕೇಳಿ.

ತುಕ್ಕು, ಪ್ರಯಾಣ, ಹಳೇ ಬ್ಲೇಡು

ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಈ ಬ್ಲೇಡುಗಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸವರಿ ಒರೆಸಿಡಿ. ಟೇಪಿನ ಅಂಟಿಗೆ ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ತೆಗೆಯಬಹುದು, ಬೆರಳಿನಿಂದ ಕೆರೆಯಬೇಡಿ. ಮಂಗಳೂರು ಅಥವಾ ಕಣ್ಣೂರಿನಿಂದ ಗಲ್ಫಿಗೆ ಹೊರಡುವವರು ಪೆಟ್ಟಿಗೆ ಕಟ್ಟಿದ ಕಟ್ಟರನ್ನು ಕೈಚೀಲದಲ್ಲಿ ಮರೆತರೆ ತಪಾಸಣೆಯಲ್ಲಿ ಕಳೆದುಕೊಳ್ಳುತ್ತಾರೆ. ಅದನ್ನು ಮನೆಯಲ್ಲೇ ಬಿಡಿ.

ತುಂಡು ಮುರಿಯಲು ಇಕ್ಕಳ ಬಳಸಿ, ಮೊನೆ ಮುಖದಿಂದ ದೂರವಿರಲಿ. ಮುರಿದ ಚೂರುಗಳಿಗೆ ಮುಚ್ಚಳವಿರುವ ಹಳೇ ಡಬ್ಬಿಯೊಂದನ್ನು ಇಡಿ. ಇಲ್ಲಿ ನಮ್ಮ ಮನೆಗಳಿಂದ ಒಣ ಕಸ ಒಯ್ಯುವುದು ಹರಿತ ಕರ್ಮಸೇನೆಯ ಮಹಿಳೆಯರು. ಮಲಯಾಳದಲ್ಲಿ ‘ಹರಿತ’ ಎಂದರೆ ಹಸಿರು, ನಮಗೆ ಅದು ಚೂಪು. ಅವರು ಕಸವನ್ನು ಕೈಯಿಂದಲೇ ಬೇರ್ಪಡಿಸುತ್ತಾರೆ, ರಟ್ಟಿನ ಕಟ್ಟಿನ ನಡುವೆ ಸಿಕ್ಕಿಕೊಂಡ ಒಂದು ಚೂರು ಅವರ ಕಣ್ಣಿಗೆ ಬೀಳುವುದಿಲ್ಲ. ಡಬ್ಬಿ ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ‘ಬ್ಲೇಡು ಇದೆ’ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ರಟ್ಟಿನ ಕಟ್ಟಿನೊಡನೆ ಸೇರಿಸದೆ ಬೇರೆಯಾಗಿ, ಬಾಯಲ್ಲೂ ಹೇಳಿ ಕೊಡಿ.